ಬ್ಲೋವರ್ ತಿರುಗಿದರೆ ಸಾಲದು: ಸುಲಿಯುವ ಶೆಡ್ಡಿನಲ್ಲಿ ಗಾಳಿ ಅಳೆಯಲು ಕಲಿತದ್ದು

ಚಾಲಿ ಸುಲಿಯುವ ಯಂತ್ರ ಇರುವ ಶೆಡ್ಡಿನ ಧೂಳು ಎಂಥದ್ದೆಂದು ಅಡಿಕೆ ಬೆಳೆಗಾರರಿಗೆ ನಾನು ಹೇಳಬೇಕಾಗಿಲ್ಲ. ಅಂಗಳದಲ್ಲಿ ನಲ್ವತ್ತು ದಿನ ಒಣಗಿದ ಸಿಪ್ಪೆ ಯಂತ್ರದ ಬಾಯಿಗೆ ಬಿದ್ದ ಕೂಡಲೇ ಪುಡಿಪುಡಿಯಾಗಿ ಹಾರುತ್ತದೆ. ಮಧ್ಯೆ ಒಂದು ಅಕಾಲ ಮಳೆ ಬಿದ್ದು ಅಡಿಕೆಗೆ ಬೂಸುರು ಹಿಡಿದಿದ್ದರಂತೂ ಕೇಳುವುದೇ ಬೇಡ. ನಮ್ಮಲ್ಲಿ ನೆರೆಕರೆಯವರ ಅಡಿಕೆಯನ್ನೂ ಸುಲಿದು ಕೊಡುವುದರಿಂದ ಯಂತ್ರ ವರ್ಷಕ್ಕೆ ಮೂರು ತಿಂಗಳು ಓಡುತ್ತದೆ.

ಧೂಳಿಗೆಂದೇ ಐದು ವರ್ಷದ ಹಿಂದೆ 2 ಎಚ್.ಪಿ.ಯ ಬ್ಲೋವರ್ ಕೂರಿಸಿದ್ದೆ. ಸಿಪ್ಪೆ ಬೀಳುವ ಕಡೆ ತಗಡಿನ ಒಂದು ಡಬ್ಬಿ, ಅದರ ಹಿಂದಿನಿಂದ 6 ಇಂಚಿನ ಪೈಪು, ಪೈಪಿನ ಕೊನೆಗೆ ಬ್ಲೋವರ್, ಅದು ಊದುವ ಗಾಳಿಗೆ ಶೆಡ್ಡಿನ ಹೊರಗೆ ಬಟ್ಟೆ ಚೀಲ. ನೋಡಿದವರೆಲ್ಲ ಮೆಚ್ಚಿದರು. ನಾನೂ ಬೀಗಿದೆ.

ಕಳೆದ ಸೀಸನ್ನಿನಲ್ಲಿ ಯಂತ್ರದ ಬುಡದಲ್ಲಿ ನಿಲ್ಲುವ ಅಕ್ಕ ಕೆಮ್ಮುತ್ತಲೇ ಇದ್ದರು. ಹನ್ನೆರಡು ವರ್ಷದಿಂದ ನಮ್ಮಲ್ಲಿಗೆ ಬರುವವರು. ಒಂದು ದಿನ ಬೈರಾಸಿನಿಂದ ಮುಖ ಒರೆಸಿಕೊಳ್ಳುತ್ತಾ, "ಅಣ್ಣೆರೇ, ಇದು ಗಾಳಿ ಎಳೀತದಾ, ಇಲ್ಲ ಶಬ್ದ ಮಾತ್ರವಾ?" ಎಂದು ಕೇಳಿದರು. "ಎಳೆಯದೆ ಮತ್ತೆ? ತಿರುಗುವುದು ಕಾಣುವುದಿಲ್ವಾ?" ಎಂದುಬಿಟ್ಟೆ. ಎರಡು ವಾರ ಕಳೆದು ಡಾಕ್ಟರು ಅವರಿಗೆ ಧೂಳಿನ ಹತ್ತಿರ ಹೋಗಬಾರದೆಂದು ಹೇಳಿದರು. ಅವರು ಕೆಲಸಕ್ಕೆ ಬರುವುದು ನಿಂತ ಮೇಲೆ ಆ ಪ್ರಶ್ನೆ ನನ್ನ ತಲೆಯಲ್ಲಿ ಕೊರೆಯತೊಡಗಿತು. ಎಳೆಯುತ್ತದೆಯೋ ಇಲ್ಲವೋ ಎಂದು ನಾನು ಒಂದು ದಿನವೂ ನೋಡಿದವನಲ್ಲ.

ನನ್ನ ಸೋದರಳಿಯ ಕಾರ್ಖಾನೆಯೊಂದರಲ್ಲಿ ಇಂಥ ಧೂಳೆಳೆಯುವ ವ್ಯವಸ್ಥೆಗಳನ್ನು ಪರೀಕ್ಷಿಸುವ ಕೆಲಸದಲ್ಲಿದ್ದಾನೆ. ರಜೆಯಲ್ಲಿ ಬಂದವನಿಗೆ ಶೆಡ್ ತೋರಿಸಿದೆ. ಅವನು ಮೊದಲು ಮಾಡಿದ್ದು ಎಂಥ ಗೊತ್ತೇ? ಒಂದು ಕ್ಯಾಂಡಲ್ ಹಚ್ಚಿ ಜಗಲಿಯಲ್ಲಿಟ್ಟು, "ಮಾವ, ಒಂದು ಮಾರು ದೂರದಿಂದ ಇದನ್ನು ಊದಿ ಆರಿಸಿ" ಎಂದ. ಆರಿಸಿದೆ. "ಈಗ ಅಲ್ಲಿಂದಲೇ ಉಸಿರು ಒಳಗೆಳೆದು ಆರಿಸಿ." ಎಷ್ಟು ಎಳೆದರೂ ಜ್ವಾಲೆ ಅಲುಗಲಿಲ್ಲ.

ವಿಷಯದ ಮುಕ್ಕಾಲು ಪಾಲು ಇಷ್ಟರಲ್ಲೇ ಇದೆ. ಊದಿದ ಗಾಳಿ ಬಾಣದ ಹಾಗೆ ನೇರ ಹೋಗುತ್ತದೆ. ಪೈಪಿನ ಅಗಲದ ಮೂವತ್ತು ಪಟ್ಟು ದೂರದಲ್ಲೂ ಅದಕ್ಕೆ ಹತ್ತರಲ್ಲೊಂದು ಪಾಲು ವೇಗ ಉಳಿದಿರುತ್ತದೆ. ಎಳೆಯುವ ಗಾಳಿ ಹಾಗಲ್ಲ, ಹಿಂದೆ ಮುಂದೆ ಬದಿ ಎಲ್ಲ ಕಡೆಯಿಂದ ನುಗ್ಗಿ ಬರುತ್ತದೆ. ಬಾಯಿಯಿಂದ ಪೈಪಿನ ಅಗಲದಷ್ಟು ಆಚೆ ಹೋದರೇ ವೇಗ ಹತ್ತರಲ್ಲೊಂದು ಪಾಲಿಗಿಂತ ಕೆಳಗೆ. ನನ್ನ ತಗಡಿನ ಡಬ್ಬಿ ಸಿಪ್ಪೆ ಬೀಳುವ ಜಾಗದಿಂದ 45 ಸೆಂ.ಮೀ. ದೂರದಲ್ಲಿತ್ತು. ಸಿಪ್ಪೆ ಬಾಚಲು ಅಡ್ಡ ಆಗುತ್ತದೆಂದು ನಾನೇ ಹಿಂದೆ ಸರಿಸಿದ್ದು.

ಕಣ್ಣಿನ ಪರೀಕ್ಷೆ

ಅಳೆಯುವ ಮೊದಲು ನೋಡಬೇಕು. ಉಸಿರಿನೊಡನೆ ಶ್ವಾಸಕೋಶದ ಆಳಕ್ಕೆ ಇಳಿಯುವ ಧೂಳು ಸಾಮಾನ್ಯ ಬೆಳಕಿನಲ್ಲಿ ಕಣ್ಣಿಗೆ ಕಾಣುವುದಿಲ್ಲ. ಗಾಜಿನ ಹೆಂಚಿನಿಂದ ಬಿಸಿಲುಕೋಲು ಇಳಿಯುವಾಗ ಅದರಲ್ಲಿ ಧೂಳು ಕುಣಿಯುವುದನ್ನು ಎಲ್ಲರೂ ಕಂಡಿದ್ದೇವೆ. ಅದೇ ಉಪಾಯ. ಸಂಜೆ ಶೆಡ್ ಕತ್ತಲು ಮಾಡಿ, ಯಂತ್ರದ ಆಚೆ ಬದಿಯಿಂದ ಒಳ್ಳೆ ಟಾರ್ಚ್ ಬಿಟ್ಟು, ಟಾರ್ಚಿನ ಮುಖ ಕಣ್ಣಿಗೆ ಹೊಡೆಯದಂತೆ ರಟ್ಟು ಅಡ್ಡ ಹಿಡಿದು, ಬೆಳಕಿಗೆ ಎದುರಾಗಿ ನಿಂತು ನೋಡಿದೆವು. ಡಬ್ಬಿಯ ಕಡೆಗೆ ಹೋಗಬೇಕಾದ ಧೂಳು ಅಕ್ಕ ನಿಲ್ಲುತ್ತಿದ್ದ ಜಾಗಕ್ಕೆ ಮೋಡದ ಹಾಗೆ ಏರುತ್ತಿತ್ತು. ಸೆಕೆಗೆಂದು ಇಟ್ಟಿದ್ದ ಟೇಬಲ್ ಫ್ಯಾನ್ ಅದನ್ನು ಇನ್ನಷ್ಟು ಹರಡುತ್ತಿತ್ತು. ಅದನ್ನು ಆಗಲೇ ಆಚೆ ಇಟ್ಟೆ.

ಗಾಳಿ ಯಾವ ಕಡೆ ಹೋಗುತ್ತದೆಂದು ನೋಡಲು ನಾನು ಊದುಬತ್ತಿ ಹಚ್ಚಲು ಹೊರಟೆ. ಅಳಿಯ ಕೈಯಿಂದ ಕಿತ್ತುಕೊಂಡ. ಒಣ ಸಿಪ್ಪೆಯ ಧೂಳು ತುಂಬಿದ ಚೀಲಕ್ಕೆ ಒಂದು ಕಿಡಿ ಹೋದರೆ ಶೆಡ್ಡೇ ಇಲ್ಲ. ಯಂತ್ರ ನಿಲ್ಲಿಸಿ, ಬ್ಲೋವರ್ ಮಾತ್ರ ಓಡಿಸಿ, ಮುಖದ ಪೌಡರ್ ಚಿಟಿಕೆಯಷ್ಟು ತಟ್ಟಿದರೆ ಸಾಕು. ಕೋಲಿನ ತುದಿಗೆ ಕಟ್ಟಿದ ಹತ್ತಿ ನೂಲೂ ಆಗುತ್ತದೆ. ಸಿಪ್ಪೆ ಬೀಳುವ ಜಾಗದಲ್ಲಿ ಹಿಡಿದ ನೂಲು ಸುಮ್ಮನೆ ನೇತಾಡುತ್ತಿತ್ತು.

ಎರಡು ಅಳತೆ

ಮೊದಲನೆಯದು ಗಾಳಿಯ ವೇಗ. ಪುಟ್ಟ ಚಕ್ರ ತಿರುಗುವ ಡಿಜಿಟಲ್ ಮೀಟರ್ (ಅನಿಮೋಮೀಟರ್) ಒಂದೆರಡು ಸಾವಿರ ರೂಪಾಯಿಗೆ ಸಿಗುತ್ತದೆ. ನಾಲ್ಕು ಮನೆಯವರು ಸೇರಿ ಒಂದು ತೆಗೆದುಕೊಂಡರೂ ಸಾಕು. ಡಬ್ಬಿಯ ಬಾಯಿ 60 ಸೆಂ.ಮೀ. ಅಗಲ, 30 ಸೆಂ.ಮೀ. ಎತ್ತರ. ಅದನ್ನು ನೂಲು ಕಟ್ಟಿ ಒಂಬತ್ತು ಚೌಕ ಮಾಡಿ, ಪ್ರತಿ ಚೌಕದ ನಡುವೆ ಮೀಟರ್ ಹಿಡಿದು, ಅಂಕಿ ನಿಂತ ಮೇಲೆ ಬರೆದುಕೊಳ್ಳಬೇಕು. ನಾನು ಮೊದಲು ನಡು ಮಧ್ಯದಲ್ಲಿ ಮಾತ್ರ ಹಿಡಿದು ಖುಷಿಪಟ್ಟೆ. ಮೂಲೆಗಳಲ್ಲಿ ಅದರ ಅರ್ಧವೂ ಇರಲಿಲ್ಲ. ಇನ್ನೊಂದು ತಪ್ಪು, ಡಬ್ಬಿಯ ಎದುರೇ ನಿಂತು ಅಳೆದದ್ದು. ನಮ್ಮ ದೇಹವೇ ಗಾಳಿಗೆ ಅಡ್ಡ. ಬದಿಗೆ ನಿಂತು ಕೈ ಚಾಚಬೇಕು.

ಒಂಬತ್ತರ ಸರಾಸರಿ ಸೆಕೆಂಡಿಗೆ 0.6 ಮೀಟರ್ ಬಂತು. ಬಾಯಿಯ ವಿಸ್ತೀರ್ಣ 0.18 ಚದರ ಮೀಟರ್. ಗುಣಿಸಿದರೆ ಸೆಕೆಂಡಿಗೆ 0.108 ಘನ ಮೀಟರ್ ಗಾಳಿ. ಅಷ್ಟೇ ಗಾಳಿ 6 ಇಂಚಿನ ಪೈಪಿನಲ್ಲಿ ಹೋಗಬೇಕಲ್ಲ. ಪೈಪಿನ ಒಳ ವಿಸ್ತೀರ್ಣ 0.0177 ಚದರ ಮೀಟರ್. ಭಾಗಿಸಿದರೆ ಸೆಕೆಂಡಿಗೆ ಸುಮಾರು 6 ಮೀಟರ್. ಅಳಿಯ ತಲೆಯಾಡಿಸಿದ. ಒಣ ಹಗುರ ಧೂಳು ಪೈಪಿನಲ್ಲಿ ಕೂರದೆ ಹೋಗಬೇಕಾದರೆ 15 ಮೀಟರ್ ಆದರೂ ಬೇಕಂತೆ. "ನಿಮ್ಮ ಪೈಪಿನಲ್ಲಿ ಧೂಳು ಕೂತಿರಲೇಬೇಕು ಮಾವ." ತೆಂಗಿನಕಾಯಿ ತಟ್ಟುವ ಹಾಗೆ ಪೈಪನ್ನು ತಟ್ಟುತ್ತಾ ಹೋದೆವು. ಅಡ್ಡ ಪೈಪಿನ ನಡುವೆ ಟೊಳ್ಳು ಶಬ್ದ ಹೋಗಿ ಮೊದ್ದು ಶಬ್ದ ಬಂತು.

ಎರಡನೆಯ ಅಳತೆಗೆ ಖರ್ಚೇ ಇಲ್ಲ. ಮೇಸ್ತ್ರಿಗಳು ಮಟ್ಟ ನೋಡುವ ಪಾರದರ್ಶಕ ಲೆವೆಲ್ ಪೈಪು ಒಂದೂವರೆ ಮೀಟರ್ ಸಾಕು. ಅದನ್ನು ಹಲಗೆಗೆ ಇಂಗ್ಲಿಷಿನ ಯು ಆಕಾರದಲ್ಲಿ ಬಿಗಿದು, ಹಿಂದೆ ಗ್ರಾಫ್ ಕಾಗದ ಅಂಟಿಸಿ, ಬಟ್ಟೆಗೆ ಹಾಕುವ ನೀಲಿ ಬೆರೆಸಿದ ನೀರು ಅರ್ಧದವರೆಗೆ ತುಂಬಿ. ಗಾಳಿಗುಳ್ಳೆ ಇರಕೂಡದು. ತಗಡಿನ ಡಬ್ಬಿ ದಾಟಿ ಪೈಪು ನೇರವಾಗಿರುವ ಕಡೆ, ಡಬ್ಬಿಯಿಂದ ಒಂದೂವರೆ ಅಡಿ ಆಚೆಗೆ, ಮೂರು ಮಿ.ಮೀ. ತೂತು ಕೊರೆಯಿರಿ. ತೂತಿನ ಒಳ ಅಂಚು ನುಣ್ಣಗಿರಬೇಕು. ಲೆವೆಲ್ ಪೈಪಿನ ಒಂದು ತುದಿಯನ್ನು ತೂತಿನ ಮೇಲೆ ಹೊರಗಿನಿಂದ ಒತ್ತಿ ಅಂಟಿಸಬೇಕು, ಒಳಗೆ ತುರುಕಬಾರದು. ಇನ್ನೊಂದು ತುದಿ ಬಯಲಿಗೆ ತೆರೆದಿರಲಿ. ಬ್ಲೋವರ್ ಹಾಕಿದ ಕೂಡಲೇ ಒಂದು ಕಡೆಯ ನೀರು ಮೇಲೇರಿ ಇನ್ನೊಂದು ಕಡೆಯದ್ದು ಇಳಿಯುತ್ತದೆ. ಎರಡೂ ಮಟ್ಟಗಳ ನಡುವಿನ ವ್ಯತ್ಯಾಸವೇ ಲೆಕ್ಕ. ನಾನು ಏರಿದ ಕಡೆಯದ್ದನ್ನು ಮಾತ್ರ ಓದಿ ಅರ್ಧ ಬರೆದುಕೊಂಡಿದ್ದೆ, ನೀವು ಹಾಗೆ ಮಾಡಬೇಡಿ.

ನಮ್ಮಲ್ಲಿ ವ್ಯತ್ಯಾಸ ಬಂದದ್ದು ಬರೀ 3 ಮಿಲಿಮೀಟರ್.

ತಿರುವು ಮುರುವು

ಬ್ಲೋವರಿನ ಹೊಟ್ಟೆಯ ಮೇಲೆ ಬಾಣದ ಗುರುತು ಇರುತ್ತದೆ. ಅಳಿಯ ಸ್ವಿಚ್ ಆರಿಸಿ, ಚಕ್ರ ನಿಧಾನವಾಗುವಾಗ ಬೆಲ್ಟಿನ ಕಡೆ ನೋಡಿ ನಕ್ಕ. ಅದು ಬಾಣಕ್ಕೆ ವಿರುದ್ಧವಾಗಿ ತಿರುಗುತ್ತಿತ್ತು!

ಇದರ ಹಿಂದೆ ನನ್ನದೇ ಒಂದು ಬುದ್ಧಿವಂತಿಕೆ ಇದೆ. ಎಳೆತ ಸಾಲದೆಂದು ಎರಡು ವರ್ಷದ ಹಿಂದೆ ಬ್ಲೋವರಿನ ಪುಲ್ಲಿ ಬದಲಿಸಿ ವೇಗ ಐದರಲ್ಲೊಂದು ಪಾಲು ಹೆಚ್ಚಿಸಿದ್ದೆ. ವೇಗ ಹೆಚ್ಚಿದಷ್ಟೇ ಗಾಳಿ ಹೆಚ್ಚುತ್ತದೆ, ಆದರೆ ಬೇಕಾಗುವ ಶಕ್ತಿ ವೇಗದ ಘನದಷ್ಟು ಏರುತ್ತದೆ. 1.2ನ್ನು ಮೂರು ಸಲ ಗುಣಿಸಿ ನೋಡಿ, 1.73 ಬರುತ್ತದೆ. 2 ಎಚ್.ಪಿ. ಮೋಟಾರಿನ ಮೇಲೆ ಒಂದೂಮುಕ್ಕಾಲು ಪಟ್ಟು ಹೊರೆ. ಒಂದೇ ತಿಂಗಳಲ್ಲಿ ಸುಟ್ಟಿತು. ವೈಂಡಿಂಗ್ ಮಾಡಿಸಿ ತಂದು ಕೂರಿಸುವಾಗ ಮೂರು ಫೇಸಿನಲ್ಲಿ ಎರಡು ವಯರು ಅದಲುಬದಲಾಗಿರಬೇಕು. ಗೋಡೆಯ ಎಕ್ಸಾಸ್ಟ್ ಫ್ಯಾನ್ ತಿರುಗುಮುರುಗಾದರೆ ಗಾಳಿ ಒಳಗೆ ಬಂದು ಕೂಡಲೇ ಗೊತ್ತಾಗುತ್ತದೆ. ಬಸವನಹುಳದ ಆಕಾರದ ಬ್ಲೋವರ್ ಹಾಗಲ್ಲ. ಉಲ್ಟಾ ತಿರುಗಿದರೂ ಅದೇ ಕಡೆಯಿಂದ ಎಳೆದು ಅದೇ ಕಡೆಗೆ ಊದುತ್ತದೆ, ತುಂಬ ಕಡಿಮೆ ಅಷ್ಟೆ. ಶಬ್ದ ಮಾತ್ರ ಭರ್ಜರಿ. ಎರಡು ಸೀಸನ್ ನಾವು ಆ ಶಬ್ದವನ್ನೇ ನಂಬಿಕೊಂಡಿದ್ದೆವು.

ಮೈನ್ ಆರಿಸಿ, ಇಲೆಕ್ಟ್ರಿಶಿಯನ್ ಕರೆಸಿ, ಎರಡು ವಯರು ಬದಲಿಸಿದ್ದು ಹತ್ತು ನಿಮಿಷದ ಕೆಲಸ. ಹಳೆ ಪುಲ್ಲಿಯನ್ನೂ ವಾಪಸು ಹಾಕಿದೆವು. ಮತ್ತೆ ಅಳೆದಾಗ ಬಾಯಿಯಲ್ಲಿ 1.1 ಮೀಟರ್, ನೀರಿನ ವ್ಯತ್ಯಾಸ 11 ಮಿ.ಮೀ. ಆಮೇಲೆ ಪೈಪು ಬಿಚ್ಚಿ ಕೂತ ಧೂಳು ತೆಗೆದೆವು. ಒಂದೂವರೆ ಬುಟ್ಟಿ ಬಂತು. ಆಗ ಬಾಯಿಯಲ್ಲಿ 1.5 ಮೀಟರ್, ನೀರಿನಲ್ಲಿ 20 ಮಿ.ಮೀ., ಪೈಪಿನಲ್ಲಿ ಲೆಕ್ಕಕ್ಕೆ 15 ಮೀಟರ್ ದಾಟಿತು.

ಹಾಗಂತ ಕೆಲಸ ಮುಗಿಯಲಿಲ್ಲ. ರಭಸದಿಂದ ಧೂಳು ಹಾರುವಲ್ಲಿ ಅದನ್ನು ಹಿಡಿಯಲು, ಧೂಳು ಹುಟ್ಟುವ ಜಾಗದಲ್ಲೇ ಸೆಕೆಂಡಿಗೆ 1ರಿಂದ 2.5 ಮೀಟರ್ ಗಾಳಿ ಬೇಕು. ಡಬ್ಬಿಯ ಬಾಯಿಯಲ್ಲಿ 1.5 ಇದ್ದರೂ 45 ಸೆಂ.ಮೀ. ಆಚೆ ಅದು ಲೆಕ್ಕದ ಪ್ರಕಾರ 0.12ಕ್ಕೆ ಇಳಿಯುತ್ತದೆ. ಒಬ್ಬರು ಎದುರಿನಿಂದ ನಡೆದು ಹೋದರೂ ಅದಕ್ಕಿಂತ ಹೆಚ್ಚು ಗಾಳಿ ಅಲುಗುತ್ತದೆ. ಆದ್ದರಿಂದ ಡಬ್ಬಿಯನ್ನು ಮುಂದೆ ತಂದು, ಎರಡು ಬದಿಗೆ ಹಳೆ ರಬ್ಬರ್ ಹಾಳೆ ಇಳಿಬಿಟ್ಟು, ಸಿಪ್ಪೆ ಬೀಳುವ ಜಾಗವೇ ಡಬ್ಬಿಯ ಒಳಗೆ ಬರುವಂತೆ ಮಾಡಿದೆವು. ಬಾಚಲು ಸ್ವಲ್ಪ ಕಷ್ಟವೇ. ಶೆಡ್ಡಿನ ಎದುರು ಬಾಗಿಲು ಒಂದಿಷ್ಟು ತೆರೆದಿಟ್ಟೆವು, ಹೊರಗೆ ಹೋಗುವಷ್ಟು ಗಾಳಿ ಒಳಗೂ ಬರಬೇಕಲ್ಲ. ರಾತ್ರಿ ಮತ್ತೆ ಟಾರ್ಚ್ ಬಿಟ್ಟು ನೋಡಿದಾಗ ಧೂಳಿನ ಎಳೆಗಳು ಬಾಗಿ ಒಳಗೆ ಹೋಗುವುದು ಕಂಡಿತು. ಸ್ವಲ್ಪ ಈಗಲೂ ತಪ್ಪಿಸಿಕೊಳ್ಳುತ್ತದೆ.

ದಿನದ ಲೆಕ್ಕ

ವೇಗದ ಮೀಟರನ್ನು ದಿನಾ ಹಿಡಿಯಲು ಆಗುವುದಿಲ್ಲ. ನೀರಿನ ಪೈಪು ಅಲ್ಲೇ ಗೋಡೆಯಲ್ಲಿರುತ್ತದೆ. ಎಲ್ಲ ಸರಿ ಇದ್ದ ದಿನದ ಅಂಕಿ 20 ಎಂದು ಅದರ ಪಕ್ಕ ಪೈಂಟಿನಲ್ಲಿ ಬರೆದಿಟ್ಟಿದ್ದೇನೆ. ಗಾಳಿಯ ಪ್ರಮಾಣ ಈ ಅಂಕಿಯ ವರ್ಗಮೂಲದ ಹಾಗೆ ಬದಲಾಗುತ್ತದೆ. 20 ಇದ್ದದ್ದು 5ಕ್ಕೆ ಇಳಿದರೆ ಗಾಳಿ ಅರ್ಧವಾಯಿತೆಂದು ಅರ್ಥ, ಕಾಲು ಪಾಲಾಯಿತೆಂದಲ್ಲ. ಒಂದು ದಿನ 12 ತೋರಿಸಿತು. ಅಂದರೆ ಹೆಚ್ಚು ಕಡಿಮೆ ಕಾಲು ಭಾಗ ಗಾಳಿ ಹೋಗಿದೆ. ನೋಡಿದರೆ ಹೊರಗಿನ ಚೀಲ ಧೂಳು ಮೆತ್ತಿ ರೊಟ್ಟಿಯ ಹಾಗಾಗಿತ್ತು. ಬೆಲ್ಟ್ ಸಡಿಲವಾದರೂ, ತೂತಿನಿಂದ ಬ್ಲೋವರಿನವರೆಗೆ ಎಲ್ಲಿ ಪೈಪು ಕಟ್ಟಿದರೂ ಒಡೆದರೂ ಅಂಕಿ ಇಳಿಯುತ್ತದೆ.

ಅಂಕಿ ಏರಿದರೆ ಒಳ್ಳೆಯದೆಂದು ತಿಳಿಯಬೇಡಿ. ಇನ್ನೊಂದು ದಿನ 28 ಇತ್ತು. ಡಬ್ಬಿಯ ಬಾಯಿಗೆ ಒಂದು ಗೋಣಿ ಹೀರಿಕೊಂಡು ಅಂಟಿ ಕೂತಿತ್ತು. ತೂತಿಗಿಂತ ಮುಂಚೆ ಕಟ್ಟಿದರೆ ಎಳೆತ ಹೆಚ್ಚು ತೋರಿಸುತ್ತದೆ, ಗಾಳಿ ಕಡಿಮೆ ಇರುತ್ತದೆ.

ಬ್ರಿಟನ್ನಿನ ಕಾನೂನಿನಲ್ಲಿ ಇಂಥ ವ್ಯವಸ್ಥೆಗಳನ್ನು ಸಾಮಾನ್ಯವಾಗಿ 14 ತಿಂಗಳಿಗೊಮ್ಮೆಯಾದರೂ ತಿಳಿದವರು ಪೂರ್ತಿ ಪರೀಕ್ಷಿಸಿ ಬರೆದಿಡಬೇಕು. ನಮ್ಮ 1948ರ ಕಾರ್ಖಾನೆ ಕಾಯ್ದೆಯೂ ಧೂಳು ಹುಟ್ಟುವ ಜಾಗಕ್ಕೆ ಸಾಧ್ಯವಾದಷ್ಟು ಹತ್ತಿರದಲ್ಲೇ ಅದನ್ನು ಎಳೆಯಬೇಕೆಂದಿತ್ತು. ನಾಲ್ಕು ಜನ ದುಡಿಯುವ ನಮ್ಮ ಶೆಡ್ಡುಗಳಿಗೆ ಯಾರೂ ಬಂದು ನೋಡುವುದಿಲ್ಲ. ಒಂದು ಮಾತು ನೆನಪಿಡಿ, ನಾವು ಅಳೆದದ್ದು ಗಾಳಿಯನ್ನು, ಮೂಗಿಗೆ ಹೋಗುವ ಧೂಳನ್ನಲ್ಲ. ಅದನ್ನು ಅಳೆಯಲು ಕೆಲಸಗಾರರ ಕೊರಳ ಬಳಿ ಫಿಲ್ಟರ್ ಕಟ್ಟಿ ಪಂಪಿನಿಂದ ಗಾಳಿ ಎಳೆದು ತೂಗಬೇಕು, ಅದು ನಮ್ಮ ಕೈಯಲ್ಲಿ ಆಗುವ ಕೆಲಸವಲ್ಲ. ಹಾಗಾಗಿ ಬುಡದಲ್ಲಿ ನಿಲ್ಲುವವರಿಗೆ ಎನ್-95 ಮಾಸ್ಕ್ ಈಗಲೂ ಕೊಡುತ್ತೇನೆ. ಬೈರಾಸು ಸಣ್ಣ ಧೂಳನ್ನು ತಡೆಯುವುದಿಲ್ಲ.

ಅಕ್ಕನ ಮನೆಗೆ ಹೋಗಿ, ಬ್ಲೋವರ್ ಶಬ್ದ ಮಾತ್ರ ಮಾಡುತ್ತಿತ್ತು ಎಂದು ಹೇಳಿ ಬಂದೆ. "ನಾನು ಆಗಲೇ ಹೇಳಿದ್ದಲ್ವಾ" ಎಂದರು. ಈಗ ಯಂತ್ರದ ಹತ್ತಿರ ಹೋಗುವುದಿಲ್ಲ, ದೂರದ ಚಾವಡಿಯಲ್ಲಿ ಕೂತು ಸುಲಿದ ಅಡಿಕೆಯಿಂದ ಪಟೋರ, ಕರಿಗೋಟು ಹೆಕ್ಕುತ್ತಾರೆ. ಯಂತ್ರದ ಬುಡದಲ್ಲಿರುವುದು ಅವರ ತಮ್ಮನ ಮಗ. ಬೆಳಿಗ್ಗೆ ಸ್ವಿಚ್ ಹಾಕಿದ ಮೇಲೆ ಅವರು ಚಾವಡಿಯಿಂದಲೇ "ಎಷ್ಟುಂಟು?" ಎಂದು ಕೂಗಿ ಕೇಳುತ್ತಾರೆ. 18ಕ್ಕಿಂತ ಕೆಳಗೆ ಹೇಳಿದರೆ, ಚೀಲ ಕೊಡವಿದ ಮೇಲೆಯೇ ಅಡಿಕೆ ಸುರಿಯುವುದು.