ಎಂಜಿನ್ನನ್ನು ತಣಿಸುವ ದ್ರವದ ಪ್ರಮಾಣ

ಹದ ಬಂದ ದಿನವೇ ಟ್ರ್ಯಾಕ್ಟರಿನ ಎಂಜಿನ್ನು ಕುದಿದು ನಿಂತರೆ ಬಿತ್ತನೆ ಹಿಂದೆ ಬೀಳುವುದು. ಕೆಂಗೇರಿಯ ಕಡೆಯ ಟ್ರ್ಯಾಕ್ಟರುಗಳಿಗೂ, ವಿಜಯನಗರಕ್ಕೆ ತರಕಾರಿ ಸಾಗಿಸುವ ವಾಹನಗಳಿಗೂ ಕೊಳವೆ ಬಾವಿಯ ನೀರನ್ನೇ ತುಂಬುವುದುಂಟು. ಈ ಗಡಸು ನೀರಿನ ಸುಣ್ಣದಂಶವು ರೇಡಿಯೇಟರಿನ ನಾಳಗಳಲ್ಲಿ ಹೊರೆಗಟ್ಟುತ್ತದೆ. ಅಲ್ಲದೆ, ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ, ತೆರೆದ ಪಾತ್ರೆಯ ನೀರು ಇಲ್ಲಿ ಸುಮಾರು 97 ಡಿಗ್ರಿಗೇ ಕುದಿಯುವುದು. ಆದಕಾರಣ ಗ್ಲೈಕಾಲ್ ಕೂಲೆಂಟನ್ನೂ ಬಟ್ಟಿ ಇಳಿಸಿದ ನೀರನ್ನೂ ಸಮಪಾಲಾಗಿ ಬೆರೆಸಿ ಹಾಕುವುದು ಯುಕ್ತವು; ಇದು ತುಕ್ಕನ್ನೂ ತಡೆಯುವುದು.

ಸಾಮಾನ್ಯವಾಗಿ ಚಿಕ್ಕ ಕಾರಿಗೆ 4–5 ಲೀಟರ್, ಮಧ್ಯಮ ಟ್ರ್ಯಾಕ್ಟರಿಗೆ 8–10 ಲೀಟರ್, ಭಾರಿ ಲಾರಿಗೆ 20 ಲೀಟರಿಗೂ ಮೇಲ್ಪಟ್ಟು ಹಿಡಿಯುವುದು. ನಿಖರವಾದ ಅಂಕಿಯನ್ನು ವಾಹನದ ಕೈಪಿಡಿಯಲ್ಲಿ ನೋಡತಕ್ಕದ್ದು. ಗಾಳಿಯಿಂದ ತಣಿಯುವ ಎಂಜಿನ್ನುಗಳಿಗೆ ಈ ದ್ರವವೇ ಬೇಕಿಲ್ಲ.

ಅಂಕಿಯ ಪ್ರಯೋಜನವನ್ನು ನೋಡಿರಿ. 10 ಲೀಟರ್ ಹಿಡಿಯುವ ಎಂಜಿನ್ನನ್ನು ಬಟ್ಟಿ ನೀರಿನಿಂದ ತೊಳೆದು ಬಸಿದಾಗ 7 ಲೀಟರ್ ಮಾತ್ರ ಬಂದರೆ, 3 ಲೀಟರ್ ನೀರು ಒಳಗೇ ಉಳಿದಿರುವುದು. ಆಗ ಮೊದಲು 5 ಲೀಟರ್ ಕೂಲೆಂಟನ್ನೂ, ಬಳಿಕ 2 ಲೀಟರ್ ನೀರನ್ನೂ ಹಾಕತಕ್ಕದ್ದು. ಮುಂದೆ 2 ಲೀಟರ್ ಸೋರಿ, ಬರಿಯ ನೀರು ತುಂಬಿದರೆ ಕೂಲೆಂಟಿನ ಪಾಲು ನೂರಕ್ಕೆ 50ರಿಂದ 40ಕ್ಕೂ, ಮತ್ತೊಮ್ಮೆ ಹಾಗಾದರೆ 32ಕ್ಕೂ ಇಳಿಯುವುದು. ಆದುದರಿಂದ ಸೋರಿಕೆಯನ್ನು ಸರಿಪಡಿಸಿ, ಸಮಪಾಲಿನ ಮಿಶ್ರಣವನ್ನೇ ತುಂಬಬೇಕು. ಬೆರೆಸಿಯೇ ಮಾರುವ ಕೂಲೆಂಟಿಗೆ ಪುನಃ ನೀರು ಸೇರಿಸಕೂಡದು.

ಎಂಜಿನ್ನು ಬಿಸಿಯಿರುವಾಗ ಮುಚ್ಚಳವನ್ನು ತೆರೆಯಲಾಗದು. ಈ ದ್ರವವು ರುಚಿಗೆ ಸಿಹಿಯಾದರೂ ವಿಷವು. ಬಸಿದುದನ್ನು ದನಕರುಗಳು ಬಾಯಿಡುವಲ್ಲಿ ಚೆಲ್ಲಬಾರದು. ಗ್ರಾಮದ ಮುಖಂಡರೂ ಜಮೀನುದಾರರೂ ಉಳುಮೆಗೆ ಮುಂಚೆಯೇ ಈ ಸಂಗತಿಗಳನ್ನು ಚಾಲಕರಿಗೆ ತಿಳಿಯಪಡಿಸತಕ್ಕದ್ದು.