ಮನಾಲಿಗೆ ಹೊರಟ ಕಾರಿನಲ್ಲಿ ನಲ್ಲಿ ನೀರಿದೆಯೇ?

ಪ್ರಶ್ನೆ: ಡಿಸೆಂಬರ್ ಕೊನೆಯ ವಾರ ಮನೆಮಂದಿಯೆಲ್ಲ ನಮ್ಮ ಡೀಸೆಲ್ ಕಾರಿನಲ್ಲೇ ಮನಾಲಿಗೆ ಹೊರಟಿದ್ದೇವೆ. ಸಾಧ್ಯವಾದರೆ ಅಟಲ್ ಸುರಂಗ ದಾಟಿ ಸಿಸ್ಸುವಿನವರೆಗೂ ಹೋಗುವ ಆಸೆ. ಸರ್ವಿಸ್ ಮಾಡಿಸಿದ್ದಾಯಿತು. ಚಳಿಗೆಂದು ಕಾರಿಗೆ ಬೇರೆ ಸಿದ್ಧತೆ ಬೇಕೇ?
– ಒಬ್ಬ ಓದುಗರು, ಬೆಂಗಳೂರು

ಉತ್ತರ: ಬೇಕು. ಮೊದಲು ರೇಡಿಯೇಟರಿನಲ್ಲಿ ಈಗ ಇರುವುದು ಏನು ಎಂದು ಮೆಕ್ಯಾನಿಕ್‌ನನ್ನು ಕೇಳಿ. ಕೂಲೆಂಟ್ ಮಟ್ಟ ಇಳಿದಾಗ ಕೈಗೆ ಸಿಕ್ಕ ನಲ್ಲಿ ನೀರು ಸುರಿದು ಮುಚ್ಚಳ ಹಾಕುವುದು ನಮ್ಮಲ್ಲಿ ಬಹುಪಾಲು ಜನರ ರೂಢಿ. ನಾನೂ ಇದಕ್ಕೆ ಹೊರತಲ್ಲ. ಇಲ್ಲಿ ಅದು ನಡೆದುಹೋಗುತ್ತದೆ. ಬೆಂಗಳೂರಿನಲ್ಲಿ ಇದುವರೆಗೆ ದಾಖಲಾದ ಅತಿ ಕಡಿಮೆ ಉಷ್ಣಾಂಶವೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಅಂದರೆ ನಿಮ್ಮ ಕಾರು ಹುಟ್ಟಿದಾಗಿನಿಂದ ಹೆಪ್ಪುಗಟ್ಟುವ ಚಳಿಯನ್ನು ಕಂಡೇ ಇಲ್ಲ.

ಸಿಸ್ಸುವಿನ ರಾತ್ರಿಯೇ ಬೇರೆ. ನೀರು ಮಂಜುಗಡ್ಡೆಯಾದಾಗ ಶೇ. 9ರಷ್ಟು ಹಿಗ್ಗುತ್ತದೆ, ಆ ಒತ್ತಡಕ್ಕೆ ರೇಡಿಯೇಟರ್ ಮಾತ್ರವಲ್ಲ, ಎಂಜಿನ್ ಬ್ಲಾಕೇ ಬಿರುಕು ಬಿಟ್ಟೀತು. ಎಥಿಲೀನ್ ಗ್ಲೈಕಾಲ್ ಕೂಲೆಂಟನ್ನು ಡಿಸ್ಟಿಲ್ಡ್ ವಾಟರಿನೊಂದಿಗೆ ಅರ್ಧಕ್ಕರ್ಧ ಬೆರೆಸಿದರೆ ಮೈನಸ್ 37 ಡಿಗ್ರಿಯವರೆಗೆ ಹೆಪ್ಪುಗಟ್ಟದು. ಈ ಅಳತೆ ಕೆಡಬಾರದು, ಆದ್ದರಿಂದ ಇರುವುದರ ಮೇಲೇ ಸುರಿಸಬೇಡಿ. ಹಳೆಯದನ್ನು ಪೂರ್ತಿ ಇಳಿಸಿ, ಹೊಸದು ತುಂಬಿಸಿ. ಗಾಜು ತೊಳೆಯುವ ವೈಪರ್ ಟ್ಯಾಂಕಿನ ನೀರಿಗೂ ಇದೇ ಗತಿ. ಅದಕ್ಕೆ ಹೆಪ್ಪುಗಟ್ಟದ ದ್ರವ ಬೇರೆಯೇ ಸಿಗುತ್ತದೆ. ಬೆಳಿಗ್ಗೆ ಗಾಜಿನ ಮೇಲೆ ಕೂತ ಹಿಮವನ್ನು ಕರಗಿಸಲು ಬಿಸಿನೀರು ಮಾತ್ರ ಹೊಯ್ಯಬೇಡಿ, ಗಾಜು ಸೀಳೀತು.

ಇನ್ನು ಡೀಸೆಲ್. ಅದರಲ್ಲಿರುವ ಮೇಣ ಚಳಿಗೆ ಗಟ್ಟಿಯಾಗಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಲಡಾಖಿನವರಿಗೆ ಇದು ಪ್ರತಿ ಚಳಿಗಾಲದ ಗೋಳಾಗಿತ್ತು. ಮೈನಸ್ 33 ಡಿಗ್ರಿಯಲ್ಲೂ ಹರಿಯುವ ಡೀಸೆಲನ್ನು ಇಂಡಿಯನ್ ಆಯಿಲ್ ಅಲ್ಲಿಗೆ ಒದಗಿಸಿದ್ದು 2019ರ ನವೆಂಬರಿನಲ್ಲಿ. ನೀವು ಅಷ್ಟು ದೂರ ಹೋಗುತ್ತಿಲ್ಲ. ಇಲ್ಲಿ ತುಂಬಿಸಿದ್ದು ದಾರಿಯಲ್ಲೇ ಮುಗಿದಿರುತ್ತದೆ. ಸುರಂಗದತ್ತ ಹೊರಡುವ ಮುಂಚಿನ ಟ್ಯಾಂಕನ್ನು, ಚಳಿಗೆ ಒಗ್ಗುವ ಡೀಸೆಲ್ ಇದೆಯೇ ಎಂದು ಕೇಳಿ, ಕುಲ್ಲು ಅಥವಾ ಮನಾಲಿಯ ಬಂಕಿನಲ್ಲೇ ತುಂಬಿಸಿಕೊಳ್ಳಿ.

ಬ್ಯಾಟರಿಗೆ ಮೂರು ವರ್ಷ ದಾಟಿದ್ದರೆ ಹೊರಡುವ ಮುಂಚೆ ಲೋಡ್ ಟೆಸ್ಟ್ ಮಾಡಿಸಿ. ಸೊನ್ನೆ ಡಿಗ್ರಿಯಲ್ಲಿ ಅದರ ಶಕ್ತಿ ಮೂರನೇ ಒಂದರಷ್ಟು ಕುಗ್ಗುತ್ತದೆ, ಎಂಜಿನ್ ಆಯಿಲ್ ಮಂದವಾಗಿ ಸ್ಟಾರ್ಟರಿಗೆ ಹೊರೆ ಹೆಚ್ಚುವುದೂ ಆಗಲೇ. ಟೈರಿನ ಗಾಳಿಯನ್ನು ಮನಾಲಿಯಲ್ಲಿ, ಬೆಳಗಿನ ಚಳಿಯಲ್ಲೇ ಮತ್ತೊಮ್ಮೆ ನೋಡಿಸಿ.

ರಾತ್ರಿ ಹ್ಯಾಂಡ್‌ಬ್ರೇಕ್ ಎಳೆದು ಮಲಗಿದರೆ ಬೆಳಿಗ್ಗೆ ಅದು ಹಿಡಿದುಕೊಂಡು ಗಾಡಿ ಕದಲದೇ ಇರಬಹುದು. ಸಮತಟ್ಟಾದ ಜಾಗದಲ್ಲಿ ಗೇರಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ. ಇದಕ್ಕೆ ದುಡ್ಡೇನೂ ಬೇಡ.

ಹಿಮದ ಸರಪಳಿ ಒಯ್ಯುವುದಾದರೆ ನಿಮ್ಮ ಟೈರಿನ ಅಳತೆಯದನ್ನೇ ಕೊಂಡು, ಮನೆಯ ಮುಂದೆ ಒಮ್ಮೆ ತೊಡಿಸಿ ನೋಡಿ. ಎಂಜಿನ್ ತಿರುಗಿಸುವ ಚಕ್ರಗಳಿಗೇ ಅದನ್ನು ಹಾಕಬೇಕು. ನಮ್ಮ ಹೆಚ್ಚಿನ ಕಾರುಗಳಲ್ಲಿ ಅವು ಮುಂದಿನವು. ಬರಿಯ ಟಾರಿನ ಮೇಲೆ ಸರಪಳಿ ಹಾಕಿಕೊಂಡು ಓಡಿಸಬೇಡಿ.

ಇಷ್ಟೆಲ್ಲ ಆದರೂ, ರಸ್ತೆಗೆ ಅಂಟಿದ ತೆಳು ಮಂಜುಗಡ್ಡೆ ಕಣ್ಣಿಗೆ ಕಾಣುವುದಿಲ್ಲ. ಒದ್ದೆ ಟಾರಿನಂತೆಯೇ ಇರುತ್ತದೆ. ಅದರ ಮೇಲೆ ಬ್ರೇಕ್ ತುಳಿದು ಅಭ್ಯಾಸವಿಲ್ಲದವರು, ಹಿಮ ಬಿದ್ದ ದಿನ ಸ್ವಂತ ಕಾರನ್ನು ಮನಾಲಿಯಲ್ಲೇ ಬಿಟ್ಟು ಅಲ್ಲಿಯ ಫೋರ್ ಬೈ ಫೋರ್ ಟ್ಯಾಕ್ಸಿ ಹಿಡಿದು ಸಿಸ್ಸು ನೋಡಿ ಬರುವುದು ಲೇಸು. ನಾನಾದರೆ ಹಾಗೆಯೇ ಮಾಡುತ್ತೇನೆ.