ದೂರದಿಂದ ಓದುವ ಎಕ್ಸ್‌-ರೇ: ಗ್ರಾಮೀಣ ಆಸ್ಪತ್ರೆಗಳಿಗೊಂದು ಆಸರೆ

ಶರೀರವನ್ನು ಕೊಯ್ಯದೆಯೇ ಅದರ ಒಳಗನ್ನು ಕಾಣುವ ವಿದ್ಯೆ 1895ರಲ್ಲಿ ಜರ್ಮನಿಯ ವಿಜ್ಞಾನಿ ರಾಂಟ್ಜೆನ್ ಅವರಿಂದ ಲೋಕಕ್ಕೆ ದೊರೆಯಿತು. ಎಕ್ಸ್‌-ರೇ ಯಂತ್ರವಿಲ್ಲದ ತಾಲ್ಲೂಕು ಆಸ್ಪತ್ರೆ ಇಂದು ಅಪರೂಪ. ಆದರೆ ಚಿತ್ರ ತೆಗೆಯುವುದು ಒಂದು ಕೆಲಸ. ಅದನ್ನು ಸರಿಯಾಗಿ ಓದುವುದು ಮತ್ತೊಂದು. ಎಂ.ಬಿ.ಬಿ.ಎಸ್. ಮುಗಿಸಿ, ಮತ್ತೆ ವರ್ಷಗಟ್ಟಲೆ ಇದನ್ನೇ ಅಭ್ಯಾಸ ಮಾಡಿದ ವಿಕಿರಣ ತಜ್ಞರು ಓದುವ ಕೆಲಸವನ್ನು ಮಾಡುತ್ತಾರೆ. ಅವರ ಸಂಖ್ಯೆ ಕಡಿಮೆ. ಇರುವವರಲ್ಲಿಯೂ ಬಹುಪಾಲು ನಗರವಾಸಿಗಳು.

ಇದರ ಪರಿಣಾಮ ಎಷ್ಟು ಗಂಭೀರವೆಂಬುದಕ್ಕೆ ಒಂದು ನಿದರ್ಶನ ಸಾಕು. ಪಟ್ಟನಾಯಕನಹಳ್ಳಿಯ ಸುತ್ತಿನ ಹಿರಿಯರೊಬ್ಬರಿಗೆ ಮುಂಜಾನೆ ಇದ್ದಕ್ಕಿದ್ದಂತೆ ಕೈ ಸೋತು ಮಾತು ತೊದಲಿತೆಂದುಕೊಳ್ಳೋಣ. ಅದು ಪಾರ್ಶ್ವವಾಯು. ಮೆದುಳಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ, ಅದನ್ನು ಕರಗಿಸುವ ಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕು. ನಾಳ ಒಡೆದು ರಕ್ತ ಸುರಿದಿದ್ದರೆ ಅದೇ ಮದ್ದು ಪ್ರಾಣಕ್ಕೆ ಎರವಾದೀತು. ಹೊರನೋಟಕ್ಕೆ ಎರಡೂ ಒಂದೇ. ಬೇರ್ಪಡಿಸಿ ತೋರಿಸುವುದು ಸಿ.ಟಿ. ಸ್ಕ್ಯಾನ್. ಯಂತ್ರ ಹತ್ತಿರವಿದ್ದರೂ ಆ ಹೊತ್ತಿನಲ್ಲಿ ಓದುವವರಿಲ್ಲದಿದ್ದರೆ ರೋಗಿಯ ಅಮೂಲ್ಯ ಗಂಟೆಗಳು ರಸ್ತೆಯಲ್ಲಿಯೇ ಕಳೆದುಹೋಗುತ್ತವೆ. ಶಿರಾ ಮೂಲಕ ಹಾದುಹೋಗುವ 48ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ತಲೆಗೆ ಪೆಟ್ಟು ತಿಂದವರಿಗೂ ಈ ಮಾತು ಅನ್ವಯಿಸುತ್ತದೆ.

ಈ ಕೊರತೆಯನ್ನು ತುಂಬುವ ವಿಧಾನವೇ ಟೆಲಿರೇಡಿಯಾಲಜಿ, ಅಂದರೆ ದೂರ ವಿಕಿರಣ ಸೇವೆ. ಹಳ್ಳಿಯಲ್ಲಿ ತೆಗೆದ ಚಿತ್ರ ಅಂತರಜಾಲದ ಮೂಲಕ ತಜ್ಞರ ಗಣಕಯಂತ್ರವನ್ನು ತಲುಪುತ್ತದೆ. ಅವರ ವರದಿ ಅದೇ ಹಾದಿಯಲ್ಲಿ ಮರಳುತ್ತದೆ. ರೋಗಿಯ ಬದಲು ಚಿತ್ರ ಪ್ರಯಾಣ ಮಾಡುತ್ತದೆ.

ಇದು ನಮ್ಮ ನಾಡಿಗೆ ಹೊಸದಲ್ಲ. 2002ರಲ್ಲಿಯೇ ಚಾಮರಾಜನಗರದ ಜಿಲ್ಲಾ ಆಸ್ಪತ್ರೆ ಹಾಗೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಗಳನ್ನು ಇಸ್ರೋ ಉಪಗ್ರಹದ ಮೂಲಕ ಬೆಂಗಳೂರಿನ ನಾರಾಯಣ ಹೃದಯಾಲಯದೊಂದಿಗೆ ಜೋಡಿಸಿತು. ಅದೇ ವರ್ಷ ಬೆಂಗಳೂರಿನಲ್ಲಿ ಆರಂಭವಾದ ಟೆಲಿರೇಡಿಯಾಲಜಿ ಸೊಲ್ಯೂಷನ್ಸ್ ಸಂಸ್ಥೆ ಅಮೆರಿಕದ ಆಸ್ಪತ್ರೆಗಳ ಚಿತ್ರಗಳನ್ನು ಓದತೊಡಗಿತು. ಅಲ್ಲಿನ ರಾತ್ರಿ ಇಲ್ಲಿಯ ಹಗಲಾದುದು ಅನುಕೂಲವಾಯಿತು. ಸಾಗರದಾಚೆಯ ರೋಗಿಯ ಚಿತ್ರವನ್ನು ಬೆಂಗಳೂರಿನಲ್ಲಿ ಓದಲು ಸಾಧ್ಯವಾದರೆ, ಸುಮಾರು 120 ಕಿಲೋಮೀಟರ್ ದೂರದ ಶಿರಾ ಸೀಮೆಯ ಚಿತ್ರವನ್ನು ಓದಲು ದೂರವೊಂದು ಅಡ್ಡಿಯಾಗಲಾರದು.

ನಮ್ಮ ಸೀಮೆಗೆ ಇದರ ಅಗತ್ಯ ಮತ್ತೊಂದು ಕಾರಣಕ್ಕೂ ಇದೆ. ಪಾವಗಡದ ಕಡೆಯ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಅಂತಹ ನೀರನ್ನು ಬಹುಕಾಲ ಕುಡಿದವರ ಬೆನ್ನು, ಕೀಲುಗಳು ಬಿಗಿಯುತ್ತವೆ. ವಯಸ್ಸಿನ ನೋವೆಂದು ಮಾತ್ರೆ ನುಂಗುತ್ತ ಕಾಲ ಕಳೆಯುವವರುಂಟು. ಬೆನ್ನೆಲುಬು ಮತ್ತು ಮುಂಗೈಯ ಎಕ್ಸ್‌-ರೇಯಲ್ಲಿ ಪಳಗಿದ ಕಣ್ಣು ಈ ರೋಗದ ಗುರುತನ್ನು ಕಾಣಬಲ್ಲದು. ಕ್ಷಯರೋಗದ ಶಂಕೆಗೂ ಎದೆಯ ಎಕ್ಸ್‌-ರೇ ದಾರಿ ತೋರುತ್ತದೆ. ಖಚಿತಪಡಿಸಲು ಕಫ ಪರೀಕ್ಷೆ ಬೇಕೇ ಬೇಕು.

ಇಂತಹ ಸೇವೆಯನ್ನು ಆರಂಭಿಸುವ ಆಸ್ಪತ್ರೆಗೆ ಹೊಸ ಯಂತ್ರವೇ ಬೇಕೆಂದಿಲ್ಲ. ಹಳೆಯ ಎಕ್ಸ್‌-ರೇ ಯಂತ್ರಕ್ಕೆ ಡಿಜಿಟಲ್ ಫಲಕವನ್ನು ಅಳವಡಿಸಬಹುದು. ವಿದ್ಯುತ್ ಹೋದರೂ ನಡೆಯುವ ಗಣಕಯಂತ್ರ, ಸ್ಥಿರವಾದ ಅಂತರಜಾಲ, ಚಿತ್ರಗಳನ್ನು ಕಾಪಿಡುವ ವ್ಯವಸ್ಥೆ ಇರಬೇಕು. ಎಲ್ಲಕ್ಕಿಂತ ಮಿಗಿಲಾಗಿ ತರಬೇತಿ ಪಡೆದ ತಂತ್ರಜ್ಞರಿರಬೇಕು. ರೋಗಿಯನ್ನು ಓರೆಯಾಗಿ ನಿಲ್ಲಿಸಿ ತೆಗೆದ ಚಿತ್ರವನ್ನು, ಎಡಬಲದ ಗುರುತಿಲ್ಲದ ಚಿತ್ರವನ್ನು ಎಂತಹ ತಜ್ಞರೂ ಸರಿಪಡಿಸಲಾರರು. ವರದಿಯೊಂದಕ್ಕೆ ಇಷ್ಟೆಂದು ಶುಲ್ಕ ನೀಡುವ ಪದ್ಧತಿಯಾದ್ದರಿಂದ, ಪೂರ್ಣಾವಧಿ ತಜ್ಞರಿಗೆ ವೇತನ ಕೊಡಲಾಗದ ಆಸ್ಪತ್ರೆಗೂ ಇದು ನಿಲುಕುತ್ತದೆ. ಯಾರು ಓದುವರು, ಎಷ್ಟು ಹೊತ್ತಿನೊಳಗೆ ವರದಿ ಬರುವುದು, ಅಪಾಯ ಕಂಡರೆ ಯಾರಿಗೆ ದೂರವಾಣಿ ಕರೆ ಮಾಡಬೇಕು ಎಂಬುದನ್ನು ಮೊದಲೇ ಬರಹದಲ್ಲಿ ಗೊತ್ತುಪಡಿಸಿಕೊಳ್ಳಬೇಕು. ಫಿಲ್ಮಿನ ಫೋಟೊ ತೆಗೆದು ವಾಟ್ಸ್ಆ್ಯಪ್‌ನಲ್ಲಿ ಕಳಿಸುವುದು ಈ ಸೇವೆಯಲ್ಲ. ಸೂಕ್ಷ್ಮ ಬಿರುಕು ಅದರಲ್ಲಿ ಮರೆಯಾಗುತ್ತದೆ, ರೋಗಿಯ ಗೋಪ್ಯವೂ ಬಯಲಾಗುತ್ತದೆ.

ಇದಕ್ಕೆ ಮಿತಿಗಳೂ ಉಂಟು. ಅಲ್ಟ್ರಾಸೌಂಡ್ ಪರೀಕ್ಷೆಯಲ್ಲಿ ನೋಡುವ ಕಣ್ಣಿನಷ್ಟೇ ಉಪಕರಣ ಹಿಡಿದ ಕೈಯೂ ಮುಖ್ಯ. ಮೇಲಾಗಿ ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ 1994ರ ಕಾಯಿದೆಯಂತೆ ನೋಂದಾಯಿತ ಕೇಂದ್ರದಲ್ಲಿ ಅರ್ಹರೇ ಅದನ್ನು ನಡೆಸಬೇಕು. ದೂರದ ತಜ್ಞರು ರೋಗಿಯ ನಾಡಿಯನ್ನು ಮುಟ್ಟಲಾರರು. ವರದಿಯನ್ನು ರೋಗಿಯ ಸ್ಥಿತಿಯೊಂದಿಗೆ ತಾಳೆ ನೋಡಿ ಚಿಕಿತ್ಸೆಯನ್ನು ನಿರ್ಧರಿಸಬೇಕಾದವರು ಎದುರಿಗಿರುವ ವೈದ್ಯರೇ.

ಸದ್ಭಕ್ತರು ತಾವೂ ಕೆಲವು ವಿಚಾರಗಳನ್ನು ಪಾಲಿಸಬೇಕು. ಹಳೆಯ ಫಿಲ್ಮು, ವರದಿಗಳನ್ನು ಎಸೆಯದೆ ಜೋಪಾನವಾಗಿಟ್ಟು ಕೊಂಡೊಯ್ಯಿರಿ; ಹಿಂದಿನದರೊಂದಿಗೆ ಹೋಲಿಸಿದಾಗ ರೋಗದ ಗತಿ ತಿಳಿಯುತ್ತದೆ. ನೋವು ಎಂದು, ಎಲ್ಲಿ ಆರಂಭವಾಯಿತೆಂಬುದನ್ನು ತಂತ್ರಜ್ಞರಿಗೂ ತಿಳಿಸಿರಿ. ಗರ್ಭಿಣಿಯರು ಆ ವಿಷಯವನ್ನು ಮೊದಲೇ ಹೇಳಬೇಕು. ವರದಿಯಲ್ಲಿ ನಿಮ್ಮ ಹೆಸರು, ವಯಸ್ಸು, ಓದಿದ ವೈದ್ಯರ ಹೆಸರು ಹಾಗೂ ನೋಂದಣಿ ಸಂಖ್ಯೆ ಇವೆಯೇ ಎಂದು ನೋಡಿಕೊಳ್ಳಿರಿ. ಕೈಕಾಲು ಸೋತ, ಮಾತು ತೊದಲಿದ ಮನುಷ್ಯನನ್ನು ಮಾತ್ರ ಸಂಜೆಯವರೆಗೆ ಕಾಯಿಸದೆ, ಕೂಡಲೇ 108ಕ್ಕೆ ಕರೆ ಮಾಡಿ ಸಿ.ಟಿ. ಸೌಲಭ್ಯವಿರುವ ಆಸ್ಪತ್ರೆಗೆ ಸೇರಿಸಿರಿ. ಚಿತ್ರ ಕ್ಷಣಮಾತ್ರದಲ್ಲಿ ದೂರ ಹೋಗಬಲ್ಲದು. ರೋಗಿಯನ್ನು ಯಂತ್ರದ ಬಳಿಗೆ ಸಕಾಲದಲ್ಲಿ ತಲುಪಿಸುವ ಹೊಣೆ ಮನೆಯವರದು.